ಹೆಸರು ಸಿಗದ ತಲೆತಿರುಗು

ನಮ್ಮ ಪುತ್ತಿಗೆಯ ಕಡೆ ಯಾರಿಗಾದರೂ ಹುಷಾರಿಲ್ಲವೆಂದು ತಿಳಿದು 'ಏನಂತೆ?' ಎಂದು ವಿಚಾರಿಸಿದರೆ, 'ತಲೆ ತಿರುಗುವುದಂತೆ' ಎಂಬ ಉತ್ತರ ಎಷ್ಟೋ ಸಲ ಸಿಗುತ್ತದೆ. ತುಳುವಿನಲ್ಲಿ ಹೇಳುವವರು 'ತರೆ ತಿರ್ಗುಂಡು' ಎನ್ನುತ್ತಾರೆ. ಮಲಯಾಳದಲ್ಲಿ 'ತಲಕರಕ್ಕಂ' ಎನ್ನುತ್ತಾರೆ. ಮಾತು ಮೂರಾದರೂ ಅರ್ಥ ಒಂದೇ. ಆದರೆ ಆ ಒಂದು ಅರ್ಥದೊಳಗೆ ಎಷ್ಟು ತೊಂದರೆಗಳು ಒಟ್ಟಿಗೆ ಕುಳಿತಿವೆ ನೋಡಿ. ಬೆಳಗಿನಿಂದ ಏನೂ ತಿನ್ನದೆ ಬಿಸಿಲಲ್ಲಿ ದುಡಿದವನಿಗೆ ಕಣ್ಣು ಕತ್ತಲೆ ಬಂದರೂ ತಲೆ ತಿರುಗಿತು. ಮಲಗಿದಲ್ಲಿ ಮಗ್ಗುಲು ಬದಲಿಸುವಾಗ ಮನೆಯ ಮಾಡು ಗರಗರ ಸುತ್ತಿದರೂ ತಲೆ ತಿರುಗಿತು. ನಡೆಯುವಾಗ ಕಾಲು ಹತ್ತಿಯ ಮೇಲೆ ಇಟ್ಟಂತಾದರೂ ಅದೇ ಮಾತು. ಸಪ್ತಭಾಷಾ ಸಂಗಮ ಭೂಮಿ ಎಂದು ನಾವು ಹೆಮ್ಮೆಯಿಂದ ಕರೆದುಕೊಳ್ಳುವ ಈ ಕಾಸರಗೋಡಿನಲ್ಲಿ ಇದಕ್ಕೆ ಏಳು ಭಾಷೆಗಳ ಮಾತು ಸಿಕ್ಕೀತು. ಆದರೆ ವೈದ್ಯರಿಗೆ ಬೇಕಾದ ಬೇರೆ ಬೇರೆ ಮಾತು ಸಿಗುವುದು ಕಷ್ಟ.

ನಾನು ವೈದ್ಯನಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದ ಮಾಷ್ಟ್ರು. ನಮ್ಮ ನೆರೆಯ ಒಬ್ಬ ಅಡಿಕೆ ಕೊಯ್ಲಿನ ಕೆಲಸಗಾರರ ಜೊತೆ ಕಳೆದ ನಾಲ್ಕು ವರ್ಷಗಳಿಂದ ಆಸ್ಪತ್ರೆಗಳಿಗೆ ಹೋಗಿ ಬರುತ್ತಿದ್ದೇನೆ. ಅವರ ಮನೆಮಾತು ತುಳು. ಕಾಸರಗೋಡಿನ ಕಡೆ ಹೋದರೆ ಡಾಕ್ಟ್ರು ಮಲಯಾಳದಲ್ಲಿ ಕೇಳುತ್ತಾರೆ, ಮಂಗಳೂರಿಗೆ ಹೋದರೆ ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ನಡುವೆ ನಾನು ದುಭಾಷಿ. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಅವರ ಕಾಯಿಲೆಯ ವಿಚಾರವನ್ನು ತಮ್ಮ ಮುಂದೆ ಇಡುತ್ತಿದ್ದೇನೆ. ಏಕೆಂದರೆ ನಾಲ್ಕು ವರ್ಷಗಳಾದರೂ ಆ ಕಾಯಿಲೆಗೆ ಖಚಿತವಾದ ಒಂದು ಹೆಸರು ಸಿಕ್ಕಿಲ್ಲ. ಸಿಗದೆ ಇದ್ದುದಕ್ಕೆ ಕಾರಣವೇನು ಎಂಬುದು ತಿಳಿಯಬೇಕಾದ ಸಂಗತಿ.

ಅವರ ಕೆಲಸ ಎಂಥದ್ದೆಂದು ತಾವು ಬಲ್ಲಿರಿ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಏರುವುದು, ಗೊನೆ ಕೊಯ್ದು ಇಳಿಸುವುದು, ಮರವನ್ನು ಬಾಗಿಸಿ ಅಲ್ಲಿಂದಲೇ ಇನ್ನೊಂದು ಮರಕ್ಕೆ ದಾಟುವುದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತಿನ ಮದ್ದು ಬಿಡುವುದೂ ಅವರೇ. ಆ ಎತ್ತರದಲ್ಲಿ ಅರ್ಧ ನಿಮಿಷ ತಲೆ ತಿರುಗಿದರೆ ಏನಾದೀತೆಂದು ವಿವರಿಸಬೇಕಾಗಿಲ್ಲ. ಆದ್ದರಿಂದ ಅವರಿಗೆ ಕಾಯಿಲೆಯ ಹೆಸರು ಎಂದರೆ ಬರೇ ಹೆಸರಲ್ಲ. ನಾಳೆ ಮರ ಹತ್ತಬಹುದೋ ಇಲ್ಲವೋ ಎಂಬ ಪ್ರಶ್ನೆ ಅದು.

ಮೊದಲು ಒಳಕಿವಿಯ ವಿಚಾರ ಸ್ವಲ್ಪ ಹೇಳುತ್ತೇನೆ. ಕಿವಿ ಇರುವುದು ಕೇಳುವುದಕ್ಕೆ ಮಾತ್ರ ಎಂದು ನಾವು ತಿಳಿದಿದ್ದೇವೆ. ಆದರೆ ತಲೆಬುರುಡೆಯ ಗಟ್ಟಿ ಎಲುಬಿನ ಒಳಗೆ, ಶಬ್ದವನ್ನು ಗ್ರಹಿಸುವ ಶಂಖದಾಕಾರದ ಭಾಗಕ್ಕೆ ಅಂಟಿಕೊಂಡೇ ಮೂರು ಅರ್ಧವೃತ್ತ ನಾಳಗಳಿವೆ. ಮೂರೂ ಮೂರು ದಿಕ್ಕಿಗೆ ಬಾಗಿವೆ. ಅವುಗಳೊಳಗೆ ನೀರಿನಂಥ ದ್ರವ. ತುಂಬಿದ ಕೊಡಪಾನವನ್ನು ಥಟ್ಟನೆ ತಿರುಗಿಸಿ ನೋಡಿ, ಕೊಡಪಾನ ತಿರುಗಿದರೂ ಒಳಗಿನ ನೀರು ಒಂದು ಕ್ಷಣ ಹಿಂದೆ ಉಳಿಯುತ್ತದೆ. ನಾವು ತಲೆ ತಿರುಗಿಸಿದಾಗ ಆ ನಾಳಗಳಲ್ಲೂ ಹಾಗೆಯೇ ಆಗುತ್ತದೆ, ಅಲ್ಲಿರುವ ಸೂಕ್ಷ್ಮ ಕೂದಲಿನಂಥ ಕಣಗಳು ಬಾಗಿ ಮೆದುಳಿಗೆ ಸುದ್ದಿ ಕಳಿಸುತ್ತವೆ. ಪಕ್ಕದಲ್ಲೇ ಇರುವ ಇನ್ನೆರಡು ಪುಟ್ಟ ಚೀಲಗಳಲ್ಲಿ ಸುಣ್ಣದ ಹರಳುಗಳಿವೆ. ವೀಳ್ಯಕ್ಕೆ ಹಚ್ಚುವ ಸುಣ್ಣಕ್ಕಾಗಿ ಯಾವ ಚಿಪ್ಪನ್ನು ಸುಡುತ್ತಾರೋ, ಆ ಚಿಪ್ಪು ಯಾವ ಪದಾರ್ಥದಿಂದ ಆಗಿದೆಯೋ, ಈ ಹರಳೂ ಅದೇ. ಮೇಲೆ ಯಾವುದು, ಕೆಳಗೆ ಯಾವುದು ಎಂದು ತಿಳಿಸುವ ಕೆಲಸ ಅವುಗಳದ್ದು. ಮೇಸ್ತ್ರಿಯ ಕೈಯ ರಸಮಟ್ಟ ಮಾಡುವ ಕೆಲಸ.

ಎಡಬಲ ಕಿವಿಗಳ ಸುದ್ದಿ ಒಂದಕ್ಕೊಂದು ಹೊಂದದಿದ್ದರೆ ಮೆದುಳು ತಬ್ಬಿಬ್ಬಾಗುತ್ತದೆ. ಆಗ ಕಣ್ಣುಗುಡ್ಡೆ ತಾನಾಗಿ ಒಂದು ಪಕ್ಕಕ್ಕೆ ಜಾರಿ ಮತ್ತೆ ಎಳೆದುಕೊಳ್ಳುತ್ತದೆ, ಜಗತ್ತು ಸುತ್ತಿದಂತೆ ಕಾಣುತ್ತದೆ, ವಾಂತಿ ಬರುತ್ತದೆ. ಯಕ್ಷಗಾನದಲ್ಲಿ ಪುಂಡುವೇಷದವರು ಧೀಂಗಿಣ ಹಾಕುವುದನ್ನು ಕಂಡಿದ್ದೀರಿ. ಅಷ್ಟು ಸುತ್ತಿಯೂ ತಾಳ ತಪ್ಪದೆ ನಿಲ್ಲುತ್ತಾರೆ. ಅವರ ಒಳಕಿವಿ ಬೇರೆಯಲ್ಲ; ವರ್ಷಗಳ ಅಭ್ಯಾಸದಿಂದ ಮೆದುಳು ಆ ಸುದ್ದಿಗೆ ಪಳಗಿದೆ, ಅಷ್ಟೆ. ಈ ಪಳಗುವ ಗುಣದಿಂದಲೇ ಒಂದು ಕಿವಿ ಕೆಟ್ಟವರೂ ವ್ಯಾಯಾಮ ಮಾಡುತ್ತ ಮತ್ತೆ ನೆಟ್ಟಗೆ ನಡೆಯುವಂತಾಗುತ್ತಾರೆ.

ತಲೆತಿರುಗು ಕಿವಿಯಿಂದ ಬರಬಹುದೆಂಬುದು ಬಹಳ ಕಾಲ ಯಾರಿಗೂ ಹೊಳೆದಿರಲಿಲ್ಲ. ನಮ್ಮ ಆಯುರ್ವೇದದ ಮಾಧವ ನಿದಾನದಲ್ಲಿ 'ಭ್ರಮ'ವನ್ನು ಮೂರ್ಛೆಯ ಜೊತೆ ಹೇಳಿದೆ. ಕಿವಿಯ ಮೊರೆತವಾದ ಕರ್ಣನಾದವನ್ನು ಬೇರೆ ಅಧ್ಯಾಯದಲ್ಲಿ ಹೇಳಿದೆ. ಯುರೋಪಿನಲ್ಲೂ ಇದನ್ನು ಮೆದುಳಿಗೆ ರಕ್ತ ಏರಿದ್ದರಿಂದ ಬಂದದ್ದೆಂದು ತಿಳಿಯುತ್ತಿದ್ದರು. ಪ್ಯಾರಿಸಿನಲ್ಲಿ ಕಿವುಡ-ಮೂಕರ ಸಂಸ್ಥೆಯ ವೈದ್ಯರಾಗಿದ್ದ ಪ್ರಾಸ್ಪರ್ ಮೆನಿಯೇರ್ ಎಂಬವರು 1861ರ ಜನವರಿಯಲ್ಲಿ ಅಲ್ಲಿನ ವೈದ್ಯಕೀಯ ಅಕಾಡೆಮಿಯ ಮುಂದೆ ಒಂದು ಪ್ರಬಂಧ ಓದಿ, ತಲೆತಿರುಗು, ಕಿವಿಮೊರೆತ, ಕಿವುಡು ಇವು ಒಟ್ಟಿಗೆ ಬಂದರೆ ಅದರ ಮೂಲ ಒಳಕಿವಿ ಎಂದು ವಾದಿಸಿದರು. ಮರುವರ್ಷವೇ ಅವರು ತೀರಿಕೊಂಡರು. ಕಾಯಿಲೆಗೆ ಅವರ ಹೆಸರು ಬಂತು.

ನಮ್ಮ ಕೆಲಸಗಾರರ ಚೀಟಿಗಳಿಗೆ ಬರೋಣ. ಮೊದಲ ಸಲ ತೊಂದರೆ ಬಂದದ್ದು ಮರದ ಮೇಲಲ್ಲ, ಪುಣ್ಯಕ್ಕೆ. ಅಂಗಳದಲ್ಲಿ ಅಡಿಕೆ ಹರಡುತ್ತಿದ್ದಾಗ ಬಂತು. ಬಿ.ಪಿ. ನೋಡಿದರು, ಸರಿಯಿತ್ತು. ಇ.ಸಿ.ಜಿ. ಸರಿಯಿತ್ತು. ಕುತ್ತಿಗೆಯ ಎಕ್ಸ್‌ರೇ ತೆಗೆದಾಗ ಎಲುಬು ಸವೆದದ್ದು ಕಂಡಿತು, ಚೀಟಿಯಲ್ಲಿ ಸ್ಪಾಂಡಿಲೈಟಿಸ್ ಎಂದು ಬಂತು, ಕುತ್ತಿಗೆಗೆ ಪಟ್ಟಿ ಬಂತು. ನಲವತ್ತು ದಾಟಿದವರ ಕುತ್ತಿಗೆಯಲ್ಲಿ, ಅದರಲ್ಲೂ ತಲೆಹೊರೆ ಹೊತ್ತವರಲ್ಲಿ, ಸವೆತ ಕಾಣುವುದು ಸಾಮಾನ್ಯ. ಸವೆತ ಇದೆ ಎಂದ ಮಾತ್ರಕ್ಕೆ ತಲೆತಿರುಗು ಅದರಿಂದಲೇ ಬಂತೆಂದು ಹೇಳಲಾಗದು. ಎರಡನೆಯ ಕಡೆ 'ಇಯರ್ ಬ್ಯಾಲೆನ್ಸ್' ಎಂದರು. ಈ ಮಾತು ನಮ್ಮಲ್ಲಿ ಈಗ ಎಲ್ಲರ ಬಾಯಲ್ಲೂ ಇದೆ. ಅದು ಕಾಯಿಲೆಯ ಹೆಸರಲ್ಲ. ಹೊಟ್ಟೆನೋವು ಬಂದವನಿಗೆ 'ನಿನಗೆ ಹೊಟ್ಟೆಯ ತೊಂದರೆ' ಎಂದ ಹಾಗೆ. ಮೂರನೆಯವರು 'ಟೆನ್ಶನ್' ಎಂದರು. ಮನೆಯ ಹಿರಿಯರು ಪಿತ್ತ ಏರಿದ್ದು ಎಂದರು.

ನಾಲ್ಕನೆಯ ಕಡೆ ಒಬ್ಬ ಕಿವಿ ಮೂಗು ಗಂಟಲಿನ ವೈದ್ಯರು ಸಿಕ್ಕಿದರು. ಯಂತ್ರ ಮುಟ್ಟುವ ಮೊದಲು ಅರ್ಧ ಗಂಟೆ ಪ್ರಶ್ನೆ ಕೇಳಿದರು. ದುಭಾಷಿಯಾದ ನನಗೆ ನಿಜವಾದ ಪರೀಕ್ಷೆ ಅಲ್ಲಿ. ಇವರು ತುಳುವಿನಲ್ಲಿ 'ಭೂಮಿನೇ ಮಗುರಿಲೆಕ ಆಪುಂಡು' ಎಂದರು. ಭೂಮಿಯೇ ಮಗುಚಿದಂತೆ ಆಗುತ್ತದೆ ಎಂದು ನಾನು ಹಾಗೆಯೇ ಹೇಳಿದೆ. ವೈದ್ಯರು ಪೆನ್ನು ಕೆಳಗಿಟ್ಟು, 'ಇದು ಮುಖ್ಯ, ಇದುವರೆಗಿನ ಯಾವ ಚೀಟಿಯಲ್ಲೂ ಇಲ್ಲ' ಎಂದರು. ಅಲ್ಲಿಯವರೆಗೆ ಎಲ್ಲ ಕಡೆ 'ತಲಕರಕ್ಕಂ' ಎಂಬ ಒಂದೇ ಮಾತು ಬರಹಕ್ಕೆ ಹೋಗಿತ್ತು.

ಆಮೇಲೆ ಅವರು ಕೇಳಿದ ಪ್ರಶ್ನೆ, 'ಎಷ್ಟು ಹೊತ್ತು?' ಶ್ರೋತೃಗಳೇ, ಈ ಕಾಯಿಲೆಗಳಲ್ಲಿ ಗಡಿಯಾರಕ್ಕಿಂತ ದೊಡ್ಡ ಯಂತ್ರವಿಲ್ಲ. ಮಲಗುವಾಗ, ಏಳುವಾಗ, ಮಗ್ಗುಲಾಗುವಾಗ, ಗೊನೆ ನೋಡಲು ತಲೆ ಎತ್ತಿದಾಗ ಬಂದು ಒಂದು ನಿಮಿಷದೊಳಗೆ ನಿಂತರೆ, ಆ ಸುಣ್ಣದ ಹರಳು ಕಳಚಿ ನಾಳದೊಳಗೆ ಜಾರಿರುವ ಸಂಭವ ಹೆಚ್ಚು. ಅದನ್ನು ಪತ್ತೆ ಮಾಡಲು, ಕುಳಿತವರನ್ನು ತಲೆ ಒಂದು ಪಕ್ಕಕ್ಕೆ ತಿರುಗಿಸಿ ಥಟ್ಟನೆ ಹಿಂದಕ್ಕೆ ಮಲಗಿಸಿ ಕಣ್ಣು ನೋಡುತ್ತಾರೆ. ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ಇಬ್ಬರು 1952ರಲ್ಲಿ ವಿವರಿಸಿದ ಪರೀಕ್ಷೆ ಇದು; ಒಂದು ಮಂಚ ಸಾಕು. ಹರಳೇ ಎಂದು ಖಚಿತವಾದರೆ ತಲೆಯನ್ನು ಕ್ರಮವಾಗಿ ತಿರುಗಿಸಿ ಅದನ್ನು ಹಿಂದಿನ ಸ್ಥಾನಕ್ಕೆ ಇಳಿಸುವ ವಿಧಾನವಿದೆ. ಅಮೆರಿಕದ ಜಾನ್ ಎಪ್ಲಿ 1992ರಲ್ಲಿ ಅದನ್ನು ಪ್ರಕಟಿಸಿದರು. ಮಾತ್ರೆಯಿಲ್ಲ, ಶಸ್ತ್ರಕ್ರಿಯೆಯಿಲ್ಲ, ಅನೇಕರಿಗೆ ಒಂದೆರಡು ಸಲದಲ್ಲಿ ಗುಣ. ಆದ್ದರಿಂದ ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವವರು, ಈ ಪರೀಕ್ಷೆ ತಮಗೆ ಆಗಿದೆಯೇ ಎಂದು ಒಮ್ಮೆ ವೈದ್ಯರಲ್ಲಿ ಕೇಳುವುದು ಒಳ್ಳೆಯದು.

ನಮ್ಮವರಿಗೆ ಹಾಗಿರಲಿಲ್ಲ. ಅವರಿಗೆ ಬಂದರೆ ಎರಡು ಗಂಟೆ, ಮೂರು ಗಂಟೆ. ಬರುವ ಮೊದಲು ಎಡಗಿವಿ ಕಟ್ಟಿದಂತಾಗುತ್ತದೆ, ಶಂಖವನ್ನು ಕಿವಿಗೆ ಹಿಡಿದಂತೆ ಮೊರೆತ. ಮಂಚದಡಿಯಲ್ಲಿ ಬಕೆಟು ಇಟ್ಟುಕೊಂಡು ಕಣ್ಣು ಮುಚ್ಚಿ ಮಲಗಬೇಕು. ಹರಳಿನ ಪರೀಕ್ಷೆ ಮೂರು ಸಲ ಮಾಡಿದರೂ ಏನೂ ಕಾಣಲಿಲ್ಲ. ಆಗ ವೈದ್ಯರ ಮನಸ್ಸು ಮೆನಿಯೇರ್ ಕಡೆ ಹೋಯಿತು. ಆದರೆ ಚೀಟಿಯಲ್ಲಿ ಆ ಹೆಸರು ಬರೆದು ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಬಸ್ಸಿನಲ್ಲಿ ಬರುವಾಗ ಇವರು ಚೀಟಿ ಬಿಡಿಸಿ, 'ಮಾಷ್ಟ್ರೇ, ಈ ಕೊಕ್ಕೆ ಯಾಕೆ?' ಎಂದು ಕೇಳಿದರು.

ಆ ಕೊಕ್ಕೆಯ ಅರ್ಥ ಹುಡುಕುತ್ತ ನಾನು ಓದಿದ್ದನ್ನು, ಕೇಳಿದ್ದನ್ನು ಹೇಳುತ್ತೇನೆ. ಮೆನಿಯೇರ್ ಕಾಯಿಲೆಯಲ್ಲಿ ಒಳಕಿವಿಯ ದ್ರವ ಉಬ್ಬಿ ಚೀಲ ಹಿಗ್ಗಿರುತ್ತದೆ. ಇದು ತಿಳಿದದ್ದು 1938ರಲ್ಲಿ, ಲಂಡನ್ನಿನಲ್ಲಿಯೂ ಜಪಾನಿನಲ್ಲಿಯೂ, ಸತ್ತವರ ಕಿವಿಯ ಎಲುಬನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆ. ಬದುಕಿರುವವರ ಕಿವಿಯನ್ನು ಹಾಗೆ ಕೊಯ್ದು ನೋಡುವಂತಿಲ್ಲವಲ್ಲ. 1995ರಲ್ಲಿ ಅಮೆರಿಕದ ಕಿವಿ ಮೂಗು ಗಂಟಲಿನ ವೈದ್ಯರ ಸಂಘವು ಈ ರೋಗನಿರ್ಣಯಕ್ಕೆ ಮೆಟ್ಟಿಲುಗಳನ್ನು ಮಾಡಿದಾಗ, ಎಲ್ಲಕ್ಕಿಂತ ಮೇಲಿನ 'ನಿಸ್ಸಂದೇಹ' ಎಂಬ ಮೆಟ್ಟಿಲಿಗೆ ಆ ಎಲುಬಿನ ಪರೀಕ್ಷೆಯೇ ಆಗಬೇಕಿತ್ತು. ಎಂದರೆ ರೋಗಿ ತೀರಿಕೊಂಡ ಮೇಲೆ! 2015ರಲ್ಲಿ ಅಂತರರಾಷ್ಟ್ರೀಯ ತಜ್ಞರು ಅದನ್ನು ಬಿಟ್ಟು 'ನಿಶ್ಚಿತ' ಮತ್ತು 'ಸಂಭವನೀಯ' ಎಂಬ ಎರಡನ್ನು ಮಾತ್ರ ಉಳಿಸಿದರು. ನಿಶ್ಚಿತ ಎನ್ನಬೇಕಾದರೆ, 20 ನಿಮಿಷದಿಂದ 12 ಗಂಟೆಯವರೆಗಿನ ಆಘಾತ ಎರಡು ಸಲವಾದರೂ ಬಂದಿರಬೇಕು. ಅದೇ ಕಿವಿಯಲ್ಲಿ ಮೊರೆತವೋ ಭಾರವೋ ಏರಿಳಿಯುತ್ತಿರಬೇಕು. ಮಂದ್ರ ಸ್ವರಗಳು ಆ ಕಿವಿಗೆ ಕಡಿಮೆ ಕೇಳುತ್ತವೆಂದು ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ ದಾಖಲಾಗಿರಬೇಕು. ಬೇರೆ ಕಾರಣ ಇರಬಾರದು. ಒಳಕಿವಿಯ ಉಬ್ಬನ್ನು ತೋರಿಸುವ ವಿಶೇಷ ಎಂ.ಆರ್.ಐ. ಈಗ ಬಂದಿದೆ, ಆದರೆ ಅದು ಎಲ್ಲೆಡೆ ದೊರೆಯುವಂಥದ್ದಲ್ಲ.

ಇನ್ನೊಂದು ತೊಡಕು ಅರೆತಲೆನೋವಿನದು. ಮೈಗ್ರೇನ್ ಇರುವವರಿಗೆ ತಲೆನೋವಿಲ್ಲದೆಯೂ ತಲೆತಿರುಗು ಬರಬಹುದು. ಇದಕ್ಕೆ ತಜ್ಞರು 2012ರಲ್ಲಿ ಒಪ್ಪಿಕೊಂಡ ಅವಧಿ 5 ನಿಮಿಷದಿಂದ 72 ಗಂಟೆ. ಆಗಲೇ ಹೇಳಿದ 20 ನಿಮಿಷದಿಂದ 12 ಗಂಟೆ ಪೂರ್ತಿಯಾಗಿ ಇದರ ಹೊಟ್ಟೆಯೊಳಗೇ ಇದೆ! ಕಿವಿ ಮೊರೆತವೂ ಎರಡರಲ್ಲೂ ಇರಬಹುದು. ಕೆಲವರಿಗೆ ಎರಡೂ ಒಟ್ಟಿಗೆ ಇರುವುದುಂಟು. ನಮ್ಮವರು ಪ್ರಾಯದಲ್ಲಿ ಬಿಸಿಲಿಗೆ ಹೋದರೆ ಅರೆತಲೆನೋವು ಬಂದು ಕತ್ತಲೆಕೋಣೆಯಲ್ಲಿ ಮಲಗುತ್ತಿದ್ದರಂತೆ. ಅದನ್ನು ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಶ್ರವಣ ಪರೀಕ್ಷೆಯಾದರೂ ತೀರ್ಮಾನ ಕೊಡಬೇಕಿತ್ತಲ್ಲ ಎಂದು ತಾವು ಕೇಳಬಹುದು. ಅದು ಎರಡು ಸಲ ಆಯಿತು. ಒಂದು ಸಲ ಎಡಗಿವಿಯ ಗೆರೆ ಮಂದ್ರದಲ್ಲಿ ಸ್ವಲ್ಪ ಕುಗ್ಗಿತ್ತು, ಇನ್ನೊಂದು ಸಲ ಎರಡೂ ಕಿವಿ ಸಮ. ಈ ಕಾಯಿಲೆಯ ಆರಂಭದಲ್ಲಿ ಕೇಳ್ಮೆ ಇಳಿಯುತ್ತದೆ, ಮತ್ತೆ ಏರುತ್ತದೆ. ಆಘಾತ ಬಂದ ದಿನ ಪರೀಕ್ಷೆ ಆದರೆ ಸಾಕ್ಷಿ ಸಿಕ್ಕೀತು. ಆದರೆ ತಲೆ ತಿರುಗುವ ದಿನ ಬಸ್ಸು ಹತ್ತಲಾಗದು. ಬಸ್ಸು ಹತ್ತುವ ದಿನ ತಲೆ ತಿರುಗದು. ಸೀತಾಂಗೋಳಿಯಿಂದ ಕುಂಬಳೆಗೆ ಇಳಿದು, ಅಲ್ಲಿಂದ ಉತ್ತರಕ್ಕೋ ದಕ್ಷಿಣಕ್ಕೋ ಹೋಗಿ ಟೋಕನ್ ಹಿಡಿದು ಕುಳಿತುಕೊಳ್ಳುವಾಗ ಇವರು ಸಂಪೂರ್ಣ ಆರೋಗ್ಯವಂತರು. ವೈದ್ಯರು ಯಾವಾಗಲೂ ಕಂಡದ್ದು ಆ ಆರೋಗ್ಯವಂತನನ್ನೇ.

ಪರೀಕ್ಷೆಯ ಕೋಣೆಯಲ್ಲಿಯೂ ಭಾಷೆಯ ಒಂದು ಸಂಗತಿ ಇದೆ. 'ಪೀಂ' ಎಂಬ ಸ್ವರ ಕೇಳಿಸಿ ಗುಂಡಿ ಒತ್ತಿಸುವುದಕ್ಕೆ ಭಾಷೆ ಬೇಡ. ಆದರೆ ಪದಗಳನ್ನು ಕೇಳಿಸಿ ಮರಳಿ ಹೇಳಿಸುವ ಇನ್ನೊಂದು ಪರೀಕ್ಷೆ ಇದೆ. ತನಗೆ ಪೂರ್ತಿ ಒಗ್ಗದ ಭಾಷೆಯ ಪದ ಕೇಳಿಸಿದರೆ, ಕಿವಿ ಸರಿಯಿದ್ದರೂ ಮನುಷ್ಯ ತಪ್ಪು ಹೇಳುತ್ತಾನೆ, ಅಂಕ ಕಡಿಮೆಯಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ಕನ್ನಡದ ಪದಪಟ್ಟಿಗಳನ್ನು ಸಿದ್ಧಪಡಿಸಿದ್ದಾರೆ. ನಮ್ಮ ಗಡಿಭಾಗದವರು ಈ ಪರೀಕ್ಷೆಗೆ ಕುಳಿತುಕೊಳ್ಳುವ ಮೊದಲು 'ನನ್ನ ಮನೆಮಾತು ಇಂಥದ್ದು' ಎಂದು ಹೇಳಿಬಿಡಬೇಕು. ಅದರಲ್ಲಿ ನಾಚಿಕೆಪಡುವಂಥದ್ದೇನಿದೆ?

ಮದ್ದು ಕೊಟ್ಟು ನೋಡಿ, ಗುಣವಾದರೆ ಅದೇ ಕಾಯಿಲೆ ಎನ್ನಬಹುದಲ್ಲ ಎಂಬ ತರ್ಕವೂ ಇಲ್ಲಿ ನಿಲ್ಲುವುದಿಲ್ಲ. ಮೆನಿಯೇರ್‌ಗೆ ಸಾಮಾನ್ಯವಾಗಿ ಕೊಡುವ ಬೀಟಾಹಿಸ್ಟಿನ್ ಮಾತ್ರೆಯನ್ನು ಜರ್ಮನಿಯಲ್ಲಿ 221 ಮಂದಿಗೆ ಒಂಬತ್ತು ತಿಂಗಳು ಪರೀಕ್ಷಿಸಿದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಕಡಿಮೆ ಪ್ರಮಾಣ ತೆಗೆದುಕೊಂಡವರು, ಹೆಚ್ಚು ಪ್ರಮಾಣ ತೆಗೆದುಕೊಂಡವರು, ಮದ್ದಿಲ್ಲದ ತೋರಿಕೆಯ ಮಾತ್ರೆ ತೆಗೆದುಕೊಂಡವರು, ಮೂರೂ ಗುಂಪಿನವರಿಗೆ ಆಘಾತಗಳು ಒಂದೇ ರೀತಿ ಕಡಿಮೆಯಾದವು. ಕಾಯಿಲೆ ತಾನಾಗಿಯೇ ಏರಿ ಇಳಿಯುತ್ತದೆ. ಇಳಿಯುವಾಗ ಯಾವ ಮದ್ದು ಕೈಯಲ್ಲಿತ್ತೋ ಅದಕ್ಕೆ ಹೆಸರು ಬರುತ್ತದೆ. ಹಾಗೆಂದು ಯಾರೂ ತಾವು ತೆಗೆದುಕೊಳ್ಳುವ ಮಾತ್ರೆಯನ್ನು ನನ್ನ ಮಾತು ಕೇಳಿ ನಿಲ್ಲಿಸಬೇಡಿ. ನಿಲ್ಲಿಸುವುದಾದರೆ ಕೊಟ್ಟವರನ್ನು ಕೇಳಿ.

ಹೀಗಿರುವಾಗ ನಾವು ಮಾಡಬಹುದಾದದ್ದೇನು? ಆ ವೈದ್ಯರು ಹೇಳಿದಂತೆ ಇವರ ಮಗಳು ಒಂದು ಶಾಲಾ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಳು. ದಿನ, ಗಂಟೆ, ಎಷ್ಟು ಹೊತ್ತು, ಸುತ್ತಿತೋ ತೂರಾಡಿತೋ, ಯಾವ ಕಿವಿ, ತಲೆನೋವು ಇತ್ತೇ, ಬೆಳಕು ಸೇರುತ್ತಿತ್ತೇ, ಹಿಂದಿನ ದಿನ ನಿದ್ದೆ ಹೇಗಿತ್ತು. ಹುಡುಗಿ ಕನ್ನಡದಲ್ಲೇ ಬರೆಯುತ್ತಾಳೆ, ತುಳು ಮಾತನ್ನು ತುಳುವಾಗಿಯೇ ಇಡುತ್ತಾಳೆ. ಒಮ್ಮೆ ಆಘಾತ ಬಂದಾಗ ಮೊಬೈಲಿನಲ್ಲಿ ಅಪ್ಪನ ಕಣ್ಣುಗಳನ್ನು ಹತ್ತಿರದಿಂದ ವೀಡಿಯೋ ತೆಗೆದಳು. ಕಣ್ಣುಗುಡ್ಡೆ ಯಾವ ದಿಕ್ಕಿಗೆ ಎಳೆಯುತ್ತದೆಂಬುದು ಅದರಲ್ಲಿ ಕಂಡಿತು. ಹಿಂದೆ ರಾಬರ್ಟ್ ಬಾರಾನಿ ಎಂಬ ವಿಯೆನ್ನಾದ ವೈದ್ಯರು, ಕಿವಿಗೆ ತಣ್ಣೀರು ಬಿಟ್ಟರೆ ಕಣ್ಣು ಒಂದು ಕಡೆಗೂ ಬಿಸಿನೀರು ಬಿಟ್ಟರೆ ಇನ್ನೊಂದು ಕಡೆಗೂ ಎಳೆಯುವುದನ್ನು ಗಮನಿಸಿ ಒಳಕಿವಿಯ ಪರೀಕ್ಷೆಯನ್ನೇ ಕಟ್ಟಿದರು. 1914ರ ನೊಬೆಲ್ ಬಹುಮಾನ ಅವರಿಗೆ ಬಂತೆಂಬ ಸುದ್ದಿ ತಲುಪಿದ್ದು ರಷ್ಯಾದ ಯುದ್ಧಕೈದಿಗಳ ಶಿಬಿರಕ್ಕೆ. ಕಣ್ಣು ಕಿವಿಯ ಗುಟ್ಟು ಹೇಳುತ್ತದೆಂಬುದು ಅಷ್ಟು ಹಳೆಯ ವಿದ್ಯೆ.

ಕಾಗದಪತ್ರಗಳ ಬಗ್ಗೆಯೂ ಒಂದು ಮಾತು. 2020ರ ಮಾರ್ಚಿನಲ್ಲಿ ಕೊರೋನಾ ಕಾಲಕ್ಕೆ ತಲಪಾಡಿಯಲ್ಲಿ ಗಡಿ ಮುಚ್ಚಿದ್ದನ್ನು ನಾವು ಮರೆತಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿದ್ದ ಕಡತ ಅಲ್ಲಿ, ರೋಗಿ ಇಲ್ಲಿ. ಏರಿಳಿಯುವ ಕಾಯಿಲೆಯಲ್ಲಿ ಹಳೆಯ ನಕ್ಷೆಯ ಪಕ್ಕದಲ್ಲಿ ಹೊಸದನ್ನು ಇಟ್ಟು ನೋಡಿದರೆ ಮಾತ್ರ ಅರ್ಥ. ಪ್ರತಿಯೊಂದು ಆಡಿಯೋಗ್ರಾಮಿನ ಒಂದು ಪ್ರತಿ ನಮ್ಮ ಮನೆಯಲ್ಲಿಯೇ ಇರಬೇಕು.

ಕಾಯಬಾರದ ಸಂದರ್ಭಗಳೂ ಇವೆ, ಅದನ್ನು ಹೇಳದೆ ಬಿಟ್ಟರೆ ತಪ್ಪಾದೀತು. ತಲೆತಿರುಗಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಮುಖವೋ ಕೈಕಾಲೋ ಸೋತರೆ, ಹಿಂದೆಂದೂ ಇಲ್ಲದಂಥ ತಲೆನೋವು ಬಂದರೆ, ಎದ್ದು ನಿಲ್ಲಲೂ ಆಗದಿದ್ದರೆ, ಅದು ಮೆದುಳಿನ ರಕ್ತನಾಳದ ತೊಂದರೆ ಇರಬಹುದು. ನೋಟ್‌ಬುಕ್ಕು ಹುಡುಕುತ್ತ ಕೂರದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದೂ ತುರ್ತು. ಎಣ್ಣೆ ಬಿಟ್ಟು ವಾರಗಟ್ಟಲೆ ಕಾದರೆ ಚಿಕಿತ್ಸೆಯ ಸಮಯ ಮೀರುತ್ತದೆ. ಕೇಳ್ಮೆ ಒಂದೇ ಪಕ್ಕದಲ್ಲಿ ಕಡಿಮೆಯಾಗುತ್ತ ಬಂದರೆ ಎಂ.ಆರ್.ಐ. ಬೇಕೇ ಎಂದು ವೈದ್ಯರು ನೋಡುತ್ತಾರೆ, ನರದ ಮೇಲೆ ಗಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ನಮ್ಮವರಿಗೆ ಅದೂ ಆಯಿತು, ಗಡ್ಡೆ ಇರಲಿಲ್ಲ.

ಹೆಸರು ನಿಶ್ಚಯವಾಗುವವರೆಗೆ ಮರ ಹತ್ತುವಂತಿಲ್ಲ ಎಂದು ವೈದ್ಯರು ಖಂಡಿತವಾಗಿ ಹೇಳಿದರು. ಕೆರೆಯಲ್ಲಿ ಒಬ್ಬರೇ ಈಜುವುದು ಬೇಡ, ಸುರಂಗದೊಳಗೆ ಕೆಲಸಕ್ಕೆ ಹೋಗುವುದು ಬೇಡ ಎಂದರು. ಒಳಕಿವಿ ಕೈಕೊಟ್ಟಾಗ ನಮ್ಮನ್ನು ಹಿಡಿದು ನಿಲ್ಲಿಸುವುದು ಕಣ್ಣು ಮತ್ತು ಕಾಲ ಕೆಳಗಿನ ನೆಲ. ಕತ್ತಲೆಯಲ್ಲಿ, ನೀರಿನಲ್ಲಿ ಆ ಆಸರೆಯೂ ಇರುವುದಿಲ್ಲ. ನೆಲದಲ್ಲೇ ನಿಂತು ಉದ್ದದ ದೋಟಿಯಿಂದ ಗೊನೆ ಕೊಯ್ಯಬಹುದೇ ಎಂದು ಇವರು ಕೇಳಿದರು. ಹರಳಿನ ತೊಂದರೆಯಾಗಿದ್ದರೆ ತಲೆ ಎತ್ತಿ ನಿಲ್ಲುವ ಆ ಕೆಲಸವೇ ಆಗುತ್ತಿರಲಿಲ್ಲ. ಪರೀಕ್ಷೆಯಲ್ಲಿ ಹರಳು ಕಾಣದೆ ಇದ್ದುದರಿಂದ ವೈದ್ಯರು ಒಪ್ಪಿದರು, ಕಿವಿ ಕಟ್ಟಿದಂತಾದ ದಿನ ಅದೂ ಬೇಡವೆಂದರು.

ಈಗ ಅವರು ಎರಡು ತೋಟಗಳಲ್ಲಿ ದೋಟಿಯಿಂದ ಕೊಯ್ಯುತ್ತಾರೆ. ಉಳಿದ ದಿನಗಳಲ್ಲಿ ಅಡಿಕೆ ಸುಲಿಯುತ್ತಾರೆ. ಮರ ಹತ್ತುವಾಗ ಸಿಗುತ್ತಿದ್ದಷ್ಟು ಸಂಬಳ ಇಲ್ಲ, ಆ ವಿಚಾರದಲ್ಲಿ ಅವರಿಗೂ ಅವರ ಮನೆಯವರಿಗೂ ಬೇಸರವಿದೆ. ಐದು ತಿಂಗಳಿಂದ ಆಘಾತ ಬಂದಿಲ್ಲ. ಅದು ಉಪ್ಪು ಕಡಿಮೆ ಮಾಡಿದ್ದರಿಂದಲೋ, ಹೊತ್ತಿಗೆ ಸರಿಯಾಗಿ ಮಲಗುವುದರಿಂದಲೋ, ಕಾಯಿಲೆ ತಾನಾಗಿ ಸುಮ್ಮನಿರುವ ಕಾಲವೋ, ವೈದ್ಯರೂ ಹೇಳುವುದಿಲ್ಲ, ನಾನೂ ಹೇಳಲಾರೆ. ಮುಂದಿನ ಶ್ರವಣ ಪರೀಕ್ಷೆ ಮಳೆಗಾಲ ಕಳೆದ ಮೇಲೆ ಇದೆ. ನಡುವೆ ಎಂದಾದರೂ ಕಿವಿ ಕಟ್ಟಿದರೆ, ಆ ದಿನವೇ ಜೀಪು ಮಾಡಿಕೊಂಡು ಹತ್ತಿರದ ಶ್ರವಣ ಪರೀಕ್ಷಾ ಕೇಂದ್ರಕ್ಕೆ ಕರೆದೊಯ್ಯುವುದೆಂದು ನಾವು ನೆರೆಯವರು ಮಾತಾಡಿಕೊಂಡಿದ್ದೇವೆ. ಹಿಂದಿನ ಸೀಟಿನಲ್ಲಿ ಮಲಗಿಸಲು ಒಂದು ಚಾಪೆಯೂ ಒಂದು ಬಕೆಟೂ ತಯಾರಿವೆ.